ಫ್ರಾನ್ಸಿನಲ್ಲಿರುವ ನಾವು ಮೆರವಣಿಗೆಗೆ ಹೋಗಬಹುದಾ? ಹೋಗಬೇಕಾ?

ಲಿಯೋನ್ ಅಮ್ಮ · ಸೆಪ್ಟೆಂಬರ್ 26, 2025

ಎಲ್ಲರಿಗೂ ನಮಸ್ಕಾರ. ಸರ್ಕಾರದ ಬಜೆಟ್ ಕಡಿತದ ವಿರುದ್ಧ ಅಕ್ಟೋಬರ್ 2ಕ್ಕೆ ಮತ್ತೆ ಸ್ಟ್ರೈಕ್, ಮೆರವಣಿಗೆ ಅಂತ ಯೂನಿಯನ್‌ಗಳು ಕರೆ ಕೊಟ್ಟಿರುವುದು ನಿಮಗೆ ಗೊತ್ತೇ ಇದೆ. ಈ ಸಲ ನಮ್ಮ ಟೀಮಿನ ಹೆಂಗಸರು "ನೀನೂ ಬಾ, ಬೆಲ್ಕೂರ್ ಚೌಕದವರೆಗೆ ನಡೆದು ಬರೋಣ" ಅಂತ ಕರೆಯುತ್ತಿದ್ದಾರೆ. ನಾನು ನಕ್ಕು ಜಾರಿಕೊಂಡೆ. ಆದರೆ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಸಿಟ್ಟು ನನಗೂ ಇದೆ. ಜುಲೈನಲ್ಲಿ ಆಗಿನ ಪ್ರಧಾನಿ ಬೈರೂ 44 ಬಿಲಿಯನ್ ಯೂರೋ ಉಳಿಸುತ್ತೇವೆ ಅಂತ ಹೊರಟು, ಎರಡು ಸರ್ಕಾರಿ ರಜೆ ಕಿತ್ತುಹಾಕುವ ಮಾತಾಡಿದರು. ಆಮೇಲೆ ಅವರೇ ಹೋದರು, ರಜೆ ಉಳಿಯಿತು. ಆದರೆ ಮಗಳ ಶಾಲೆಯಲ್ಲಿ ಟೀಚರ್ ಕಾಯಿಲೆ ಬಿದ್ದರೆ ಬದಲಿಗೆ ಯಾರೂ ಬರುವುದಿಲ್ಲ. ಮನೆ ಹತ್ತಿರ ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಡಾಕ್ಟರ್ ಇಲ್ಲ. ಸಂಬಳದ ಚೀಟಿಯಲ್ಲಿ ಕಡಿತದ ಪಟ್ಟಿ ಮಾತ್ರ ಮೊಳದುದ್ದ. ವೋಟಂತೂ ಇಲ್ಲ.

ಇನ್ನೊಂದು ಕಡೆ, ಡಿಸೆಂಬರಿನಲ್ಲಿ ನನ್ನ ಕಾರ್ಡ್ (ಇಲ್ಲಿ ವಾಸಿಸುವ ಪರವಾನಗಿ) ರಿನ್ಯೂ ಆಗಬೇಕು. ನಮ್ಮ ಮನೆಯವರು "ಬೇರೆಯವರ ಮನೆ ಜಗಳಕ್ಕೆ ನೀನ್ಯಾಕೆ ಹೋಗ್ತೀಯಾ" ಅಂತಾರೆ. ನೀವೇನು ಹೇಳುತ್ತೀರಿ? ಹೋಗಿ ಬಂದವರು ಯಾರಾದರೂ ಇದ್ದೀರಾ? ಬೈಯುವುದಿದ್ದರೂ ಬೈಯಿರಿ.

ತುಲೂಸ್ ಟೆಕ್ಕಿ · ಸೆಪ್ಟೆಂಬರ್ 26

ನಿಮ್ಮ ಯಜಮಾನರು ಹೇಳಿದ್ದೇ ಸರಿ ಮೇಡಂ. ನಾವು ಬಂದಿರುವುದು ದುಡಿಯೋಕೆ. ಅತಿಥಿಗಳ ಹಾಗೆ ಇರಬೇಕು. ಈ ಜನಕ್ಕೆ ಬೀದಿಗಿಳಿಯುವುದು ಅಭ್ಯಾಸ ಆಗಿಬಿಟ್ಟಿದೆ. ಹೋದ ವಾರ, 18ನೇ ತಾರೀಕು, ಔಷಧಿ ಅಂಗಡಿಯವರೂ ಬಾಗಿಲು ಹಾಕಿದ್ದರು. ನನ್ನ ಹೆಂಡತಿಗೆ ಥೈರಾಯ್ಡ್ ಮಾತ್ರೆ ಸಿಗದೆ ಅವತ್ತು ಊರೆಲ್ಲ ಸುತ್ತಿದ್ದೇನೆ. ಬೆಂಗಳೂರಿನ ಬಂದ್ ಸಾಕಾಗಿ ಇಲ್ಲಿಗೆ ಬಂದರೆ ಇಲ್ಲಿ ಬಂದ್‌ಗಳ ತವರುಮನೆ.

ರಾಗಿಮುದ್ದೆ 75 · ಸೆಪ್ಟೆಂಬರ್ 26

ಟೆಕ್ಕಿ ಅವರೇ, ಅತಿಥಿ ಅಂದರೆ ಊಟ ಮಾಡಿ ಬಿಲ್ ಕಟ್ಟದವನು. ನಾವು ತಿಂಗಳು ತಿಂಗಳು ಕಟ್ಟುತ್ತಿದ್ದೇವಲ್ಲ? ಪಿಂಚಣಿಗೆ, ಆರೋಗ್ಯಕ್ಕೆ, ನಿರುದ್ಯೋಗ ಭತ್ಯೆಗೆ, ಎಲ್ಲಕ್ಕೂ. ಆ ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳಿದರೆ ಅತಿಥಿ ಮರ್ಯಾದೆ ಬಿಟ್ಟ ಹಾಗಾ?

ಇನ್ನು ಇದನ್ನು ಬಂದ್ ಅನ್ನಬೇಡಿ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ದಿನ ನಾನು ಬೆಂಗಳೂರಲ್ಲೇ ಇದ್ದೆ. ಬಸ್ಸುಗಳನ್ನು ನಿಲ್ಲಿಸಿದ್ದ ಕಡೆಯೇ ಸುಟ್ಟರು, ಕರ್ಫ್ಯೂ ಬಂತು. ಬಂದ್ ಅಂದರೆ ನೀನು ಅಂಗಡಿ ಮುಚ್ಚಲೇಬೇಕು, ಇಲ್ಲಾಂದ್ರೆ ಕಲ್ಲು. ಇಲ್ಲಿ ಸ್ಟ್ರೈಕ್ ಮಾಡುವವನು ತನ್ನ ಆ ದಿನದ ಸಂಬಳ ಬಿಟ್ಟು ಮಾಡುತ್ತಾನೆ. ಪಕ್ಕದ ಬೇಕರಿಯವನು ಆರಾಮಾಗಿ ಬ್ರೆಡ್ ಮಾರುತ್ತಿರುತ್ತಾನೆ, ಅವನನ್ನು ಯಾರೂ ಕೇಳುವುದಿಲ್ಲ.

ಹುಬ್ಳಿ ಎಕ್ಸ್‌ಪ್ರೆಸ್ · ಸೆಪ್ಟೆಂಬರ್ 26

ಬೇಕರಿಯವ ಸ್ಟ್ರೈಕ್ ಮಾಡಿದ್ರ ಸರ್ಕಾರ ಅವತ್ತ ಬೀಳತೈತ್ರೀ 😄

ತುಲೂಸ್ ಟೆಕ್ಕಿ · ಸೆಪ್ಟೆಂಬರ್ 26

ಯಾರನ್ನೂ ಕೇಳುವುದಿಲ್ಲ ಅಂತೀರಾ? 2018ರ ಡಿಸೆಂಬರ್ 1ನೇ ತಾರೀಕು ಇಂಧನ ತೆರಿಗೆ ವಿರುದ್ಧದ ಹಳದಿ ಜಾಕೆಟ್ ಗಲಾಟೆಯಲ್ಲಿ ಪ್ಯಾರಿಸ್‌ನ ವಿಜಯ ಕಮಾನಿನ ಒಳಗೇ ನುಗ್ಗಿ ಪ್ರತಿಮೆ ಒಡೆದರು. 2023ರ ಮಾರ್ಚಿನಲ್ಲಿ, ನಿವೃತ್ತಿ ವಯಸ್ಸು ಏರಿಸುವ ಪಿಂಚಣಿ ಕಾನೂನಿನ ವಿರುದ್ಧದ ಗಲಾಟೆಯಲ್ಲಿ, ಬೋರ್ಡೋ ನಗರಸಭೆಯ ಬಾಗಿಲಿಗೆ ಬೆಂಕಿ ಹಚ್ಚಿದರು. ಮರುದಿನ ಇಂಗ್ಲೆಂಡಿನ ರಾಜ ಚಾರ್ಲ್ಸ್ ಪ್ರವಾಸವನ್ನೇ ಮುಂದೂಡಬೇಕಾಯಿತು. ಇದೆಲ್ಲ ಬ್ರೆಡ್ ಮಾರುವ ಕಥೆಯಾ?

ಪಿಎಚ್‌ಡಿ ಪಾಪಚ್ಚಿ · ಸೆಪ್ಟೆಂಬರ್ 27

ಗ್ರೆನೋಬಲ್‌ನಿಂದ. ಅಕ್ಕಾ, ಭಾವನೆ ಪಕ್ಕಕ್ಕಿಟ್ಟು ಕಾನೂನು ಹೇಳ್ತೀನಿ. ನನ್ನ ವಿಷಯ ಕಾನೂನು ಅಲ್ಲ, ಆದರೆ ವೀಸಾದವರೆಲ್ಲ ಅರ್ಧ ಲಾಯರ್ ಆಗಿಬಿಡ್ತೀವಲ್ಲ.

ಮೆರವಣಿಗೆ ಮಾಡುವ ಹಕ್ಕು ಇಲ್ಲಿ ವಿದೇಶಿಯರಿಗೂ ಇದೆ. ಸ್ಟ್ರೈಕ್ ಹಕ್ಕೂ ಇದೆ, ಯೂನಿಯನ್ ಸೇರಬಹುದು, ಕಂಪನಿಯ ನೌಕರರ ಪ್ರತಿನಿಧಿ ಚುನಾವಣೆಯಲ್ಲಿ ವೋಟು ಹಾಕಬಹುದು. ಮೆರವಣಿಗೆ ಬಗ್ಗೆ ಪ್ರಿಫೆಕ್ಚರ್‌ಗೆ (ಜಿಲ್ಲೆಯ ಸರ್ಕಾರಿ ಕಚೇರಿ) ಮುಂಚೆ ತಿಳಿಸುವ ಜವಾಬ್ದಾರಿ ಕರೆ ಕೊಟ್ಟವರದ್ದು. ಹಾಗೆ ತಿಳಿಸದ ಮೆರವಣಿಗೆಯಲ್ಲಿ ಸುಮ್ನೆ ನಡೆದವರ ಮೇಲೆ ಅಪರಾಧ ಇಲ್ಲ. ಆದರೆ "ನಿಷೇಧಿಸಲಾಗಿದೆ" ಅಂತ ಆದೇಶ ಇರುವ ಕಡೆ ಹೋದರೆ 135 ಯೂರೋ ದಂಡ. ಗಲಾಟೆ ಆಗುತ್ತಿರುವ ಕಡೆ ಬೇಕಂತಲೇ ಮುಖ ಮುಚ್ಚಿಕೊಂಡರೆ ಅದು ದೊಡ್ಡ ಕೇಸು. 2019ರ ಕಾನೂನು, 1 ವರ್ಷ ಜೈಲು, 15,000 ಯೂರೋವರೆಗೆ ದಂಡ. ಹೊಗೆ ಬಂತು ಅಂತ ದುಪ್ಪಟ್ಟಾ ಮುಖಕ್ಕೆ ಸುತ್ತಿಕೊಂಡು ನಿಲ್ಲಬೇಡಿ, ಅಲ್ಲಿಂದ ಹೊರಡಿ.

ಆದರೆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 2023ರ ಮಾರ್ಚ್ 16ರ ರಾತ್ರಿ ಪ್ಯಾರಿಸ್‌ನಲ್ಲಿ 292 ಜನರನ್ನು ಪೊಲೀಸ್ ವಶದಲ್ಲಿ ಇಟ್ಟುಕೊಂಡರು. ಅವರಲ್ಲಿ 283 ಜನರನ್ನು ಯಾವ ಕೇಸೂ ಇಲ್ಲದೆ ಬಿಟ್ಟರು. ಇಲ್ಲಿಯವರಿಗೆ ಅದು ಒಂದು ರಾತ್ರಿಯ ಕಿರಿಕಿರಿ ಅಷ್ಟೇ. ನಮಗೆ ಹಾಗಲ್ಲ. ಪೊಲೀಸರ ದಾಖಲೆ ಕಡತದಲ್ಲಿ ಹೆಸರು ಬಿದ್ದರೆ, ಕಾರ್ಡ್ ಕೊಡುವಾಗ, ಪೌರತ್ವ ಕೊಡುವಾಗ ಪ್ರಿಫೆಕ್ಚರ್‌ನವರು ಅದನ್ನು ತೆರೆದು ನೋಡಬಹುದು. "ಸಾರ್ವಜನಿಕ ಶಾಂತಿಗೆ ಅಪಾಯ" ಅನ್ನೋ ಕಾರಣ ಕೊಟ್ಟು ಕಾರ್ಡ್ ನಿರಾಕರಿಸುವ ಅಧಿಕಾರವೂ ಇದೆ. ಬಿಟ್ಟರು ಅಂದಮಾತ್ರಕ್ಕೆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ, ಅರ್ಜಿ ಹಾಕಿ ತೆಗೆಸಬೇಕು.

ಲಿಯೋನ್ ಅಮ್ಮ · ಸೆಪ್ಟೆಂಬರ್ 27

ಥ್ಯಾಂಕ್ಸ್ ಪುಟ್ಟಾ. ಧೈರ್ಯ ಕೊಟ್ಟೆಯೋ ಹೆದರಿಸಿದೆಯೋ ಗೊತ್ತಾಗಲಿಲ್ಲ.

ಕುಡ್ಲದ ಬಂಗುಡೆ · ಸೆಪ್ಟೆಂಬರ್ 27

ಎಂಥದು ಮಾರಾಯ್ರೇ, ಇಷ್ಟೆಲ್ಲ ತಲೆಬಿಸಿ ಯಾಕೆ? ನಾನು 2023ರಲ್ಲಿ ಪಿಂಚಣಿ ಗಲಾಟೆಗೆ ಹೋಗಿದ್ದೇನೆ, ಸ್ಟ್ರೋಲರ್‌ನಲ್ಲಿ ಮಗುವನ್ನೂ ಕರೆದುಕೊಂಡು. ಹೊರಗಿನವರು ಟಿವಿಯಲ್ಲಿ ಬರೀ ಬೆಂಕಿ ನೋಡುತ್ತಾರೆ. ಒಳಗೆ ನೋಡಿದರೆ ಮುಕ್ಕಾಲು ಪಾಲು ಟೀಚರುಗಳು, ನರ್ಸುಗಳು, ರಿಟೈರ್ ಆದ ಅಜ್ಜ ಅಜ್ಜಿಯರು. ಯೂನಿಯನ್ ವ್ಯಾನಿನಲ್ಲಿ ಹಾಡು, ತಲೆ ಮೇಲೆ ದೊಡ್ಡ ಬಲೂನು, ಬದಿಯಲ್ಲಿ ಮೆರ್ಗೆಜ್ (ಮಾಂಸದ ಸಾಸೇಜ್) ಸುಡುವ ಹೊಗೆ. ಸಸ್ಯಾಹಾರಿಗಳು ಚಪಾತಿ ಕಟ್ಟಿಕೊಂಡು ಹೋಗಿ, ಅಲ್ಲಿ ನಿಮಗೆ ಏನೂ ಸಿಗುವುದಿಲ್ಲ.

ಅಕ್ಕ, ಗೊತ್ತಿರಬೇಕಾದ್ದು ಇಷ್ಟೇ. ಎಲ್ಲರಿಗಿಂತ ಮುಂದೆ, ಯೂನಿಯನ್ ಬ್ಯಾನರಿಗಿಂತಲೂ ಮುಂದೆ, ಕಪ್ಪು ಬಟ್ಟೆಯವರ ಗುಂಪು ಇರುತ್ತದೆ. ಅಲ್ಲಿಗೆ ಹೋಗಬೇಡಿ. ಬಲೂನಿನ ಹತ್ತಿರವೇ ಇರಿ. ಕೊನೆಯ ಚೌಕದವರೆಗೂ ಹೋಗಬೇಡಿ, ಒಂದು ಸ್ಟಾಪ್ ಮೊದಲೇ ಗಲ್ಲಿಗೆ ತಿರುಗಿ. ಅಶ್ರುವಾಯು ಬರುವುದು ಹೆಚ್ಚಾಗಿ ಕೊನೆಯಲ್ಲೇ.

ತುಲೂಸ್ ಟೆಕ್ಕಿ · ಸೆಪ್ಟೆಂಬರ್ 27

ಮಗುವನ್ನು ಕರೆದುಕೊಂಡಾ?! ಸ್ವಾಮಿ, 2018ರಲ್ಲಿ ಮಾರ್ಸೇಯಲ್ಲಿ ಅಲ್ಜೀರಿಯಾದ 80 ವರ್ಷದ ಅಜ್ಜಿಯೊಬ್ಬರು ನಾಲ್ಕನೇ ಮಹಡಿಯ ತಮ್ಮ ಮನೆ ಕಿಟಕಿ ಮುಚ್ಚಲು ಹೋದಾಗ ಪೊಲೀಸರ ಅಶ್ರುವಾಯು ಶೆಲ್ ಮುಖಕ್ಕೆ ಬಡಿಯಿತು. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಮೆರವಣಿಗೆಗೆ ಹೋಗಿರಲೇ ಇಲ್ಲ.

ರಾಗಿಮುದ್ದೆ 75 · ಸೆಪ್ಟೆಂಬರ್ 27

ಅಂದರೆ ಮನೆಯಲ್ಲಿದ್ದರೂ ಬಡಿಯುತ್ತೆ ಅಂತ ನೀವೇ ಹೇಳ್ತಿದ್ದೀರಿ. ಇದು ಮನೆಯಲ್ಲಿರಿ ಅನ್ನುವ ವಾದ ಆಗಲಿಲ್ಲ, ಪೊಲೀಸರ ಬಗ್ಗೆ ದೂರಾಯಿತು. ಅದಕ್ಕೂ ಮೆರವಣಿಗೆ ಆಗಿದೆ.

ಜರ್ಮನಿ ಜಗ್ಗ · ಸೆಪ್ಟೆಂಬರ್ 28

ನಿಮ್ಮನ್ನು ನೋಡಿ ಹೊಟ್ಟೆಕಿಚ್ಚು. ನಮ್ಮಲ್ಲಿ ಸರ್ಕಾರಿ ಕಾಯಂ ಅಧಿಕಾರಿಗಳಿಗೆ ಸ್ಟ್ರೈಕ್ ಹಕ್ಕೇ ಇಲ್ಲ, ಟೀಚರುಗಳಲ್ಲಿ ಬಹಳ ಜನ ಆ ಲೆಕ್ಕಕ್ಕೆ ಬರುತ್ತಾರೆ. ಇಲ್ಲಿ ಸ್ಟ್ರೈಕ್ ಅಂದರೆ ಸಂಬಳದ ಮಾತುಕತೆಗೆ ಮಾತ್ರ. ಸರ್ಕಾರದ ಮೇಲೆ ಸಿಟ್ಟಿಗೆ ಸ್ಟ್ರೈಕ್ ಅಂದರೆ ಕಾನೂನು ಒಪ್ಪುವುದಿಲ್ಲ. ಅದಕ್ಕೇ ಶನಿವಾರ ಮೆರವಣಿಗೆ ಮಾಡಿ ಸೋಮವಾರ ಕೆಲಸಕ್ಕೆ ಹೋಗುತ್ತೇವೆ.

ಹುಬ್ಳಿ ಎಕ್ಸ್‌ಪ್ರೆಸ್ · ಸೆಪ್ಟೆಂಬರ್ 28

ಜಗ್ಗಣ್ಣ, ನಿಮ್ಮ ರೈಲು ಸ್ಟ್ರೈಕ್ ಇಲ್ದೇನೂ ಲೇಟ್ ಬರ್ತಾವಲ್ಲ, ಅದಕ್ಕ ಬ್ಯಾಡ ಅಂದಿರಬೇಕು.

ಹಳೇ ಪ್ಯಾರಿಸಿಗ · ಸೆಪ್ಟೆಂಬರ್ 28

ನಾನು ಈ ದೇಶಕ್ಕೆ ಬಂದಿದ್ದು ಅಧ್ಯಕ್ಷ ಮಿತೆರಾಂ ಕಾಲದಲ್ಲಿ. ಈ ಚರ್ಚೆ ಆಗಿನಿಂದಲೂ ಹೀಗೇ ನಡೆಯುತ್ತಿದೆ. ಚಿಕ್ಕವರಿಗೆ ಗೊತ್ತಿರಲಿ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ.

ವಿದೇಶಿಯರು ಬಾಯಿ ಬಿಡಬಾರದು ಅನ್ನುವುದು ಇಲ್ಲಿ ಬರೀ ಶಿಷ್ಟಾಚಾರವಾಗಿರಲಿಲ್ಲ, ಕಾನೂನೇ ಇತ್ತು. 1939ರ ಆದೇಶದ ಪ್ರಕಾರ ವಿದೇಶಿಯರು ಒಂದು ಸಂಘ ಕಟ್ಟಬೇಕಾದರೂ ಸರ್ಕಾರದ ಅನುಮತಿ ಬೇಕಿತ್ತು. ಅದು ಹೋದದ್ದು 1981ರ ಅಕ್ಟೋಬರಿನಲ್ಲಿ. ನೀವು ಯುಗಾದಿಗೆ, ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆ ಹಿಡಿದು ಸಂಘದ ಹೆಸರಲ್ಲಿ ರಸೀದಿ ಕೊಡುತ್ತೀರಲ್ಲ, ಅದರ ಹಿಂದೆ ಇದಿದೆ. 1968ರ ಮೇ ಗಲಾಟೆಯಲ್ಲಿ ವಿದ್ಯಾರ್ಥಿಗಳ ಮುಂದಾಳು ಡೇನಿಯಲ್ ಕಾನ್-ಬೆಂಡಿಟ್ ಹುಟ್ಟಿದ್ದು ಫ್ರಾನ್ಸಿನಲ್ಲೇ. ಕೈಯಲ್ಲಿ ಇದ್ದದ್ದು ಜರ್ಮನ್ ಪಾಸ್‌ಪೋರ್ಟ್. ಅಷ್ಟು ಸಾಕಾಯಿತು. ದೇಶದೊಳಗೆ ಬರದಂತೆ ತಡೆದರು, ಆ ತಡೆ ತೆಗೆದದ್ದು 1978ರಲ್ಲಿ. ಅದಕ್ಕೂ ಹಿಂದೆ, 1961ರ ಅಕ್ಟೋಬರ್ 17. ಅಲ್ಜೀರಿಯನ್ನರಿಗೆ ಮಾತ್ರ ಹಾಕಿದ್ದ ಕರ್ಫ್ಯೂ ವಿರುದ್ಧ ಅವರು ಹೆಂಡತಿ ಮಕ್ಕಳ ಜೊತೆ ಪ್ಯಾರಿಸ್ ಬೀದಿಗೆ ಬಂದರು. ಪೊಲೀಸರು ಎಷ್ಟು ಜನರನ್ನು ಕೊಂದರು ಅನ್ನುವ ಲೆಕ್ಕ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಸೇನ್ ನದಿಗೆ ಎಸೆದರು ಅನ್ನುವುದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ.

ವೋಟಿನ ಕಥೆಯೂ ಕೇಳಿ. ಸ್ಥಳೀಯ ಚುನಾವಣೆಯಲ್ಲಿ ವಿದೇಶಿಯರಿಗೆ ವೋಟು ಕೊಡುತ್ತೇವೆ ಅಂತ ಮಿತೆರಾಂ 1981ರ ಪ್ರಣಾಳಿಕೆಯಲ್ಲೇ ಬರೆದಿದ್ದರು. ಕೊಡಲಿಲ್ಲ. ಯುರೋಪ್ ಒಕ್ಕೂಟದವರಿಗೆ ಬಂತು, ನಮಗೆ ಬರಲಿಲ್ಲ. ಹಾಗಾಗಿ ಪೋರ್ಚುಗಲ್‌ನಿಂದ ಮೊನ್ನೆ ಬಂದವನು ನನ್ನ ಬೀದಿಯ ಮೇಯರ್ ಯಾರು ಅಂತ ತೀರ್ಮಾನಿಸುತ್ತಾನೆ, ನಾನು ಪೌರತ್ವ ತೆಗೆದುಕೊಳ್ಳುವವರೆಗೂ ನೋಡುತ್ತಾ ಕೂತಿದ್ದೆ.

ಪಿಎಚ್‌ಡಿ ಪಾಪಚ್ಚಿ · ಸೆಪ್ಟೆಂಬರ್ 28

ಸರ್, ಸಣ್ಣ ತಿದ್ದುಪಡಿ. ಯುರೋಪಿನವರು ನಗರಸಭೆಗೆ ವೋಟು ಹಾಕಬಹುದು, ಆದರೆ ಮೇಯರ್ ಆಗೋಕೆ ಆಗಲ್ಲ.

ಹಳೇ ಪ್ಯಾರಿಸಿಗ · ಸೆಪ್ಟೆಂಬರ್ 28

ಆಗುತ್ತಾನೆ ಅಂತ ನಾನೆಲ್ಲಿ ಬರೆದೆ? ಆರಿಸುತ್ತಾನೆ ಅಂದೆ.

ತುಂಗಾತೀರ · ಸೆಪ್ಟೆಂಬರ್ 28

ಈ ಚರ್ಚೆಯಲ್ಲಿ ಎಲ್ಲರೂ ಐಟಿ, ಪಿಎಚ್‌ಡಿ. ಅದಕ್ಕೆ "ಹೋಗಬೇಕಾ" ಅನ್ನುವ ಪ್ರಶ್ನೆ ಬರುತ್ತದೆ. ಬೇರೆ ದಾರಿ ಇಲ್ಲದವರು ಈ ಪ್ರಶ್ನೆ ಕೇಳುವುದಿಲ್ಲ. ಪ್ಯಾರಿಸ್‌ನ ಬಾತಿನ್ಯೋಲ್‌ನ ಹೋಟೆಲಿನಲ್ಲಿ ರೂಮು ತೊಳೆಯುವ ಹೆಂಗಸರು 2019ರ ಜುಲೈನಿಂದ 2021ರ ಮೇವರೆಗೆ ಹೋರಾಡಿದರು. ಹೆಚ್ಚಿನವರು ಆಫ್ರಿಕಾದಿಂದ ಬಂದವರು, ಗುತ್ತಿಗೆ ಕೆಲಸ. ನಡುವೆ ಕೋವಿಡ್ ಬಂದು ಹೋಯಿತು. ಕೊನೆಗೆ ಸಂಬಳ ಏರಿಸಿಕೊಂಡೇ ಕೆಲಸಕ್ಕೆ ಹೋದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ರಾಶೆಲ್ ಕೆಕೆ ಐವರಿ ಕೋಸ್ಟ್‌ನಲ್ಲಿ ಹುಟ್ಟಿದವರು. 2022ರಲ್ಲಿ ಸಂಸತ್ತಿಗೇ ಆರಿಸಿ ಬಂದರು, ಮಾಜಿ ಮಂತ್ರಿಯೊಬ್ಬರನ್ನು ಸೋಲಿಸಿ.

ನಮ್ಮ ಕಾರ್ಡಿನ ಮೇಲೆ "ಪ್ರತಿಭೆ" ಅಂತ ಬರೆದಿರುತ್ತೆ, ಅದು ಹೋದರೆ ವಾಪಸ್ ಬೆಂಗಳೂರಿನಲ್ಲಿ ಕೆಲಸ ಸಿಗುತ್ತೆ. ಅವರಿಗೆ ಕಳೆದುಕೊಳ್ಳುವುದು ಜಾಸ್ತಿ ಇತ್ತು. ಆದರೂ ನಾವೇ ಜಾಸ್ತಿ ಹೆದರುವುದು. ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ತುಲೂಸ್ ಟೆಕ್ಕಿ · ಸೆಪ್ಟೆಂಬರ್ 28

ಅವರದ್ದು ಅವರ ಹೋಟೆಲಿನ ಜಗಳ, ಅವರ ಸಂಬಳ. ಅದನ್ನು ನಾನು ಒಪ್ಪುತ್ತೇನೆ. ದೇಶದ ಬಜೆಟ್ ಹೇಗಿರಬೇಕು ಅಂತ ಹೇಳೋದು ಬೇರೆ. ಭಾರತದಲ್ಲಿ ಯಾವುದೋ ದೇಶದವನು ನಮ್ಮ ಮೆರವಣಿಗೆಗೆ ಬಂದರೆ ನೀವೇ ಏನಂತೀರಿ? ಚೆನ್ನೈನಲ್ಲಿ ಓದುತ್ತಿದ್ದ ಜರ್ಮನ್ ಹುಡುಗನೊಬ್ಬ 2019ರ ಡಿಸೆಂಬರಿನಲ್ಲಿ ಪೌರತ್ವ ಕಾನೂನಿನ ವಿರುದ್ಧ ಫಲಕ ಹಿಡಿದ, ದೇಶ ಬಿಟ್ಟು ಹೋಗಬೇಕಾಯಿತು. ಆಗ ನಮ್ಮಲ್ಲಿ ಎಷ್ಟು ಜನ ಚಪ್ಪಾಳೆ ಹೊಡೆದರು ನೆನಪಿದೆಯಾ?

ರಾಗಿಮುದ್ದೆ 75 · ಸೆಪ್ಟೆಂಬರ್ 28

ನಾನು ಹೊಡೆದಿರಲಿಲ್ಲ. ಆದರೆ ಮಾತು ನಾಟಿತು, ಒಪ್ಪುತ್ತೇನೆ. ನಮ್ಮೂರಲ್ಲಿ ವಿದೇಶಿಯನಿಗೆ ಕೊಡದ ಹಕ್ಕನ್ನು ನಾವು ಪರದೇಶದಲ್ಲಿ ಕೇಳುತ್ತಿದ್ದೇವೆ. ಹಾಗಂತ ಇಲ್ಲಿ ಕೊಟ್ಟಿರುವುದನ್ನು ಬೇಡ ಅನ್ನಬೇಕಾ? ಬೆಂಗಳೂರಲ್ಲಿ ಈಗ ನಮಗೇ ಫ್ರೀಡಂ ಪಾರ್ಕ್ ಒಂದನ್ನು ಬಿಟ್ಟು ಬೇರೆ ಕಡೆ ಪ್ರತಿಭಟನೆಗೆ ಬಿಡುವುದಿಲ್ಲ. ಸಾರಿಗೆ ನೌಕರರು 38 ತಿಂಗಳ ಬಾಕಿ ಕೊಡಿ ಅಂತ ಮೊನ್ನೆ ಆಗಸ್ಟ್ 5ಕ್ಕೆ ಮುಷ್ಕರ ಶುರು ಮಾಡಿದರು, ಹೈಕೋರ್ಟ್ ಗದರಿಸಿದ ಮೇಲೆ ಅದೇ ದಿನ ನಿಲ್ಲಿಸಿದರು.

ಕಬ್ಬಿನಗದ್ದೆ · ಸೆಪ್ಟೆಂಬರ್ 29

ನಮ್ಮವರು ಇಲ್ಲಿ ಬೀದಿಗಿಳಿಯೋದು ಹೊಸದಾ? ಯಾರಿಗೂ ನೆನಪಿಲ್ಲ ಅಂತ ಕಾಣುತ್ತೆ.

1999ರ ಬೇಸಿಗೆಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ನೂರಾರು ಭಾರತೀಯ ರೈತರು ಬಸ್ಸುಗಳಲ್ಲಿ ಯುರೋಪ್ ಸುತ್ತಿದರು. ಕರ್ನಾಟಕ ರಾಜ್ಯ ರೈತ ಸಂಘದವರೂ ಇದ್ದರು, ಹೆಗಲ ಮೇಲೆ ಹಸಿರು ಶಾಲು. ಜೂನ್ 5ರಂದು ಮೊಂಪೆಲಿಯೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ಕಿತ್ತುಹಾಕಿದಾಗ ಫ್ರೆಂಚ್ ರೈತ ನಾಯಕ ಜೋಸೆ ಬೋವೆ ಜೊತೆ ಈ ರೈತರೂ ಇದ್ದರು. ಬೋವೆ ಆಮೇಲೆ ಅದಕ್ಕೆ ಜೈಲಿಗೂ ಹೋದ. ಅದೇ ಆಗಸ್ಟಿನಲ್ಲಿ ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ ಅಂಗಡಿ ಬಿಚ್ಚಿಹಾಕಿ ಹೆಸರು ಮಾಡಿದ್ದೂ ಅವನೇ. ಬೆಂಗಳೂರಲ್ಲಿ ನಮ್ಮವರು ಕೆಎಫ್‌ಸಿಗೆ ನುಗ್ಗಿದ್ದು 1996ರಲ್ಲಿ, ಅದಕ್ಕೂ ಮೂರು ವರ್ಷ ಮುಂಚೆ. ಯಾರು ಯಾರಿಗೆ ಪಾಠ ಹೇಳಿಕೊಟ್ಟರು ನೀವೇ ಲೆಕ್ಕ ಹಾಕಿ.

ತುಲೂಸ್ ಟೆಕ್ಕಿ · ಸೆಪ್ಟೆಂಬರ್ 29

ವಿಜ್ಞಾನಿಗಳ ಸಸಿ ಕಿತ್ತು ಬಂದಿದ್ದನ್ನು ಹೆಮ್ಮೆಯಿಂದ ಹೇಳ್ತಿದ್ದೀರಲ್ಲ ಗುರುಗಳೇ!

ಪಿಎಚ್‌ಡಿ ಪಾಪಚ್ಚಿ · ಸೆಪ್ಟೆಂಬರ್ 29

ಇದರಲ್ಲಿ ನಾನು ಟೆಕ್ಕಿ ಕಡೆ. ನನ್ನ ಲ್ಯಾಬಿನ ಸಸಿ ಯಾರಾದರೂ ಕಿತ್ತರೆ ಮೆರವಣಿಗೆ ಗಿರವಣಿಗೆ ನೋಡಲ್ಲ, ಅಟ್ಟಿಸಿಕೊಂಡು ಹೋಗ್ತೀನಿ.

ಕಬ್ಬಿನಗದ್ದೆ · ಸೆಪ್ಟೆಂಬರ್ 29

ಬೀಜ ಯಾರ ಕೈಯಲ್ಲಿರಬೇಕು ಅನ್ನೋ ಜಗಳ ಅದು ಮಗಾ. ಒಂದು ಮಳೆಗಾಲ ನಮ್ಮ ಗದ್ದೆಯಲ್ಲಿ ದುಡಿದು ಆಮೇಲೆ ಮಾತಾಡು.

ಹಳೇ ಪ್ಯಾರಿಸಿಗ · ಸೆಪ್ಟೆಂಬರ್ 29

ಜಗಳ ಬೇಡ. ಲಿಯೋನ್ ಅಮ್ಮನವರ ಪ್ರಶ್ನೆಗೆ ಬನ್ನಿ.

ತುಲೂಸ್ ಟೆಕ್ಕಿ · ಸೆಪ್ಟೆಂಬರ್ 29

ಸರಿ, ಪ್ರಶ್ನೆಗೇ ಬರ್ತೀನಿ. ಹೋಗಿ ಏನಾಗುತ್ತೆ? 2023ರಲ್ಲಿ ಎಂಟು ಯೂನಿಯನ್ ಒಂದಾದವು. ಮಾರ್ಚ್ 7ರಂದು ಸರ್ಕಾರದ ಲೆಕ್ಕದಲ್ಲೇ 12.8 ಲಕ್ಷ ಜನ. ಪ್ಯಾರಿಸ್‌ನಲ್ಲಿ 10,000 ಟನ್ ಕಸ ಕೊಳೆಯಿತು, ಇಲಿಗಳಿಗೆ ಹಬ್ಬ. ಪ್ರಧಾನಿ ಬೋರ್ನ್ ಏನು ಮಾಡಿದರು? 49.3 ಅನ್ನುವ ವಿಧಿ ಬಳಸಿ ವೋಟೇ ಇಲ್ಲದೆ ಕಾನೂನು ತಂದರು. ಅವಿಶ್ವಾಸ ನಿರ್ಣಯ 9 ವೋಟಿನ ಕೊರತೆಯಿಂದ ಬಿತ್ತು. ನಿವೃತ್ತಿ ವಯಸ್ಸನ್ನು 62ರಿಂದ ಹಂತ ಹಂತವಾಗಿ 64ಕ್ಕೆ ಏರಿಸುವುದು ಅಂತ ಆಯಿತು. ಅಷ್ಟೇ.

ಕುಡ್ಲದ ಬಂಗುಡೆ · ಸೆಪ್ಟೆಂಬರ್ 29

ಆ ದಿನ ಯೂನಿಯನ್‌ನವರ ಲೆಕ್ಕ 35 ಲಕ್ಷ. ನೀವು ಕಮ್ಮಿದನ್ನೇ ಹಿಡಿಯುವುದು.

ಹುಬ್ಳಿ ಎಕ್ಸ್‌ಪ್ರೆಸ್ · ಸೆಪ್ಟೆಂಬರ್ 29

ನಮ್ಮೂರ ರಾಜಕೀಯ ಸಮಾವೇಶದಾಗ ಹತ್ತು ಲಕ್ಷ ಅಂದ್ರ ಕುರ್ಚಿ ಎಣಿಸಿದ್ರ ಸಾಕ್ರೀ. ಇಲ್ಲಿ ಕುರ್ಚಿನೂ ಹಾಕಂಗಿಲ್ಲ.

ಹಳೇ ಪ್ಯಾರಿಸಿಗ · ಸೆಪ್ಟೆಂಬರ್ 29

ಟೆಕ್ಕಿಯವರು ಒಂದೇ ಸಲದ ಸೋಲು ಹೇಳುತ್ತಿದ್ದಾರೆ. 1995ರ ಡಿಸೆಂಬರಿನಲ್ಲಿ ಮೂರು ವಾರ ರೈಲಿಲ್ಲ, ಮೆಟ್ರೋ ಇಲ್ಲ, ಚಳಿಯಲ್ಲಿ ಜನ ನಡೆದೇ ಆಫೀಸಿಗೆ ಹೋದರು. ಪ್ರಧಾನಿ ಜುಪೆ ಪಿಂಚಣಿ ಭಾಗ ಕೈಬಿಟ್ಟರು. 2006ರಲ್ಲಿ ಚಿಕ್ಕ ವಯಸ್ಸಿನವರನ್ನು ಎರಡು ವರ್ಷ ಕಾರಣ ಹೇಳದೆ ಕೆಲಸದಿಂದ ತೆಗೆಯಬಹುದು ಅಂತ ಕಾನೂನು ತಂದರು. ಅದು ಪಾಸಾಗಿ, ಅಧ್ಯಕ್ಷರ ಸಹಿಯೂ ಬಿದ್ದಿತ್ತು. ವಿದ್ಯಾರ್ಥಿಗಳು ಬೀದಿ ಬಿಡಲಿಲ್ಲ, ಏಪ್ರಿಲ್‌ನಲ್ಲಿ ವಾಪಸಾಯಿತು. 2018ರಲ್ಲಿ ಇಂಧನ ತೆರಿಗೆ ಏರಿಕೆ ಹೋಯಿತು. ಇಲ್ಲಿಯವರು ಸುಮ್ಮನೆ ನಡೆಯುವುದಿಲ್ಲ, ಗೆದ್ದ ನೆನಪು ಇರುವುದಕ್ಕೆ ನಡೆಯುತ್ತಾರೆ.

ಲಿಯೋನ್ ಅಮ್ಮ · ಅಕ್ಟೋಬರ್ 3

ಹೋಗಿದ್ದೆ. ಸ್ಟ್ರೈಕ್ ಅಂತ ಹಾಕಲಿಲ್ಲ, ಅರ್ಧ ದಿನ ರಜೆ ಹಾಕಿದೆ. ಅಷ್ಟು ಹೇಡಿತನ ಇರಲಿ ಬಿಡಿ. ಬಂಗುಡೆ ಅವರು ಹೇಳಿದ ಹಾಗೆ ಬಲೂನಿನ ಪಕ್ಕದಲ್ಲೇ ಇದ್ದೆ, ಕೊನೆಯವರೆಗೂ ಹೋಗಲಿಲ್ಲ. ಕೂಗಲೂ ಇಲ್ಲ, ಫ್ರೆಂಚ್ ಘೋಷಣೆಗಳ ಪ್ರಾಸ ಹಿಡಿಯೋದು ಕಷ್ಟ. ಟೀಮಿನವರು ಫೋಟೋ ತೆಗೆದು ಗ್ರೂಪಿಗೆ ಹಾಕಲು ಹೊರಟರು, ಬೇಡ ಅಂದೆ. ಯಾಕೆ ಅಂತ ಕೇಳಿದರು. ಕಾರ್ಡಿನ ವಿಷಯ ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ. ಒಂದೇ ಆಫೀಸಿನಲ್ಲಿ ಇಷ್ಟು ವರ್ಷ ಕೂತಿದ್ದೇವೆ, ನನ್ನ ಇರುವಿಕೆ ಒಂದು ಕಾರ್ಡಿನ ಮೇಲೆ ನಿಂತಿದೆ ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಜನ ಕಮ್ಮಿ ಇದ್ದರು ಅಂತ ಅನ್ನಿಸಿತು.

ಕುಡ್ಲದ ಬಂಗುಡೆ · ಅಕ್ಟೋಬರ್ 3

ಕಮ್ಮಿಯೇ. ದೇಶಕ್ಕೆಲ್ಲ ಸರ್ಕಾರದ ಲೆಕ್ಕ 1.95 ಲಕ್ಷ, ಸಿಜಿಟಿ ಯೂನಿಯನ್ ಲೆಕ್ಕ 6 ಲಕ್ಷ. ಸೆಪ್ಟೆಂಬರ್ 18ಕ್ಕೆ ಸರ್ಕಾರದವರೇ 5 ಲಕ್ಷ ದಾಟಿತು ಅಂದಿದ್ದರು. ಫೋಟೋ ಬೇಡ ಅಂದದ್ದು ಒಳ್ಳೆಯದಾಯಿತು.

ಹುಬ್ಳಿ ಎಕ್ಸ್‌ಪ್ರೆಸ್ · ಅಕ್ಟೋಬರ್ 10

ಬೈರೂ ಆದಮ್ಯಾಗ ಪ್ರಧಾನಿ ಆಗಿದ್ದ ಲೆಕೊರ್ನು ಸೋಮವಾರ ರಾಜೀನಾಮೆ ಕೊಟ್ರು, ಶುಕ್ರವಾರ ಅವರೇ ಮತ್ತ ಪ್ರಧಾನಿ. ನಾ ಸಿಕ್ ಲೀವ್ ಹಾಕಿದ್ರೂ ಇಷ್ಟ ಲಗೂನ ವಾಪಸ್ ಬರಂಗಿಲ್ಲ.

ರಾಗಿಮುದ್ದೆ 75 · ಅಕ್ಟೋಬರ್ 14

ಟೆಕ್ಕಿ ಅವರೇ ಇದ್ದೀರಾ? "ಅಷ್ಟೇ" ಅಂದಿದ್ದಿರಲ್ಲ. ಇವತ್ತು ಲೆಕೊರ್ನು ಸಂಸತ್ತಿನಲ್ಲಿ ಪಿಂಚಣಿ ಕಾನೂನನ್ನು ತಡೆಹಿಡಿಯುವ ಪ್ರಸ್ತಾಪ ಇಟ್ಟರು. 2028ರ ಜನವರಿವರೆಗೆ ವಯಸ್ಸು ಏರಿಸುವುದಿಲ್ಲವಂತೆ.

ತುಲೂಸ್ ಟೆಕ್ಕಿ · ಅಕ್ಟೋಬರ್ 14

ಬೀದಿಯಿಂದ ಆದದ್ದಲ್ಲ, ಸಮಾಜವಾದಿ ಪಕ್ಷದವರ ವೋಟಿಲ್ಲದೆ ಸರ್ಕಾರ ಉಳಿಯುತ್ತಿರಲಿಲ್ಲ, ಅದಕ್ಕೆ. ಮತ್ತೆ 62 ವರ್ಷ 9 ತಿಂಗಳಿಗೆ ನಿಲ್ಲಿಸಿದ್ದಾರೆ, ತೆಗೆದಿಲ್ಲ. ನಾನು ನಿವೃತ್ತಿಯಾಗುವ ಹೊತ್ತಿಗೆ 66 ಆಗಿರುತ್ತೆ ನೋಡಿ.

ಹಳೇ ಪ್ಯಾರಿಸಿಗ · ಅಕ್ಟೋಬರ್ 15

ಇಬ್ಬರಿಗೂ ಒಂದು ಮಾತು. 62 ಅಥವಾ 64 ಅನ್ನುವುದು ನಮ್ಮಂಥವರಿಗೆ ಅರ್ಧ ಸತ್ಯ. ಪೂರ್ತಿ ಪಿಂಚಣಿಗೆ 172 ತ್ರೈಮಾಸಿಕ, ಅಂದರೆ 43 ವರ್ಷ ದುಡಿದು ಕಟ್ಟಿದ ಲೆಕ್ಕ ಬೇಕು. ತ್ರೈಮಾಸಿಕ ಸಾಲದಿದ್ದರೆ ಕಡಿತ. ಕಡಿತ ಬೇಡ ಅಂದರೆ 67ರವರೆಗೆ ಕಾಯಬೇಕು. ಮೂವತ್ತಕ್ಕೆ ಇಲ್ಲಿಗೆ ಬಂದವರು 43 ವರ್ಷ ಎಲ್ಲಿಂದ ತರುತ್ತೀರಿ? ವಿದೇಶದಿಂದ ತಡವಾಗಿ ಬಂದವರ ಪಿಂಚಣಿ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಫಲಕವನ್ನೂ ನಾನು ಯಾವ ಮೆರವಣಿಗೆಯಲ್ಲೂ ನೋಡಿಲ್ಲ. ನಾವು ಹೋಗದಿದ್ದರೆ ಯಾರು ಬರೆಯುತ್ತಾರೆ?

ಇನ್ನೊಂದು, ಭಾರತ ಮತ್ತು ಫ್ರಾನ್ಸ್ ನಡುವಿನ ಸಾಮಾಜಿಕ ಭದ್ರತೆ ಒಪ್ಪಂದ 2011ರಿಂದ ಜಾರಿಯಲ್ಲಿದೆ. ಅಲ್ಲಿ ಪಿಎಫ್ ಕಟ್ಟಿದ ವರ್ಷಗಳ ದಾಖಲೆ ಎಸೆಯಬೇಡಿ.

ತುಲೂಸ್ ಟೆಕ್ಕಿ · ಅಕ್ಟೋಬರ್ 15

ಹೌದಾ? ಬರುವಾಗ ಪಿಎಫ್ ಪೂರ್ತಿ ಡ್ರಾ ಮಾಡಿಬಿಟ್ಟೆನಲ್ಲ. ಯುಎಎನ್ ನಂಬರೂ ಎಲ್ಲಿದೆಯೋ. ಆ ಹಳೇ ಮೊಬೈಲ್ ನಂಬರ್ ಈಗ ಇಲ್ಲ, ಓಟಿಪಿ ಬರಲ್ಲ. ಯಾರಿಗಾದರೂ ದಾರಿ ಗೊತ್ತಾ?

ಲಿಯೋನ್ ಅಮ್ಮ · ಅಕ್ಟೋಬರ್ 15

ನನಗೂ ಇದೇ ತೊಂದರೆ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿಗೇ ಬರ್ತೀನಿ.